ಹಾಲು ಸಾಲದು ಎಂಬ ತೀರ್ಪು: ಚಿಂತಾಮಣಿ ಕಡೆಯ ಒಂದು ಬಾಣಂತನ

ಆಶಾ ಕಾರ್ಯಕರ್ತೆಯ ಫೋನ್ ಬಂದಾಗ ಬೆಳಿಗ್ಗೆ ಏಳೂವರೆ. "ಮಗು ಹಗಲೆಲ್ಲ ಮಲಗಿಯೇ ಇರುತ್ತದೆ ಸಿಸ್ಟರ್, ಎದ್ದರೆ ಬರೀ ಅಳು. ತಾಯಿಗೆ ಹಾಲೇ ಇಲ್ಲವಂತೆ" ಎಂದಳು. ಸಿಸೇರಿಯನ್ ಆಗಿ ಅಂದಿಗೆ ಏಳನೇ ದಿನ. ತಾಯಿ ಮಗು ಇಬ್ಬರೂ ನರ್ಸಿಂಗ್ ಹೋಮ್‌ನಿಂದ ಮನೆಗೆ ಬಂದು ಎರಡು ದಿನವಾಗಿತ್ತು.

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹುದ್ದೆಯ ಹೆಸರು ಬದಲಾದದ್ದು ಕಾಗದದಲ್ಲಿ ಮಾತ್ರ, ಊರಿಗೆ ನಾನು ಸಿಸ್ಟರ್. "ಹಾಲಿಲ್ಲ" ಎಂಬ ಮಾತನ್ನು ತಿಂಗಳಿಗೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಆ ಮಾತು ಹುಟ್ಟಿದ ದಿನ ಅದು ಸಾಮಾನ್ಯವಾಗಿ ಸುಳ್ಳಾಗಿರುತ್ತದೆ. ಮನೆಯವರೆಲ್ಲ ಅದನ್ನು ನಂಬಿ ಎರಡು ವಾರ ನಡೆದುಕೊಂಡರೆ ನಿಜವಾಗಿಬಿಡುತ್ತದೆ. ಈ ಮನೆಯಲ್ಲಿ ನಾವು ಆ ಎರಡು ವಾರದ ನಡುವೆ ಹೋಗಿ ನಿಂತೆವು. ಅದಕ್ಕೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಬರೆಯಲು ತಾಯಿ ಒಪ್ಪಿದ್ದಾಳೆ.

ಹಿನ್ನೆಲೆ

ತಾಯಿಗೆ 24 ವರ್ಷ, ಚೊಚ್ಚಲ ಹೆರಿಗೆ. ಬಿ.ಕಾಂ. ಓದಿ ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಗಂಡನೂ ಅಲ್ಲೇ. ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರಿನಲ್ಲಿ ಎರಡು ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವುದು ಅವಳ ತಾಯಿ. ಆ ಹೆಂಗಸನ್ನು ಮುಂದೆ ಅಜ್ಜಿ ಎಂದೇ ಕರೆಯುತ್ತೇನೆ. ವಯಸ್ಸು ಐವತ್ತೂ ಆಗಿಲ್ಲ, ಆದರೆ ಮೊಮ್ಮಗು ಹುಟ್ಟಿದ ಮೇಲೆ ಅಜ್ಜಿಯಲ್ಲದೆ ಇನ್ನೇನು. ಮನೆಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕನ್ನಡದಲ್ಲಿ ಮಾತನಾಡುತ್ತಿರುವ ಅಜ್ಜಿ ಗಾಬರಿಯಾದರೆ ತೆಲುಗಿಗೆ ಇಳಿಯುತ್ತಾಳೆ. ನಾನು ಹೊಸಿಲು ದಾಟಿದಾಗ ಕೇಳಿಸಿದ ಮೊದಲ ಮಾತು "ಪಾಲು ಲೇವು", ಹಾಲಿಲ್ಲ ಎಂದು.

ಹುಟ್ಟಿದಾಗ ಮಗುವಿನ ತೂಕ 2.9 ಕಿಲೋ. ಹೆಣ್ಣು. ಹುಟ್ಟುತ್ತಲೇ ಅತ್ತಿದೆ, ತೊಂದರೆ ಏನೂ ಇರಲಿಲ್ಲ. ಆದರೂ ಮೊದಲ ಸಲ ಎದೆಗೆ ಇಟ್ಟದ್ದು ಎರಡನೇ ದಿನ ಸಂಜೆ. ಅಷ್ಟರೊಳಗೆ ಬಾಟಲಿಯಲ್ಲಿ ಪುಡಿ ಹಾಲು ನಾಲ್ಕೈದು ಸಲ ಹೋಗಿತ್ತು. ಬಿಡುಗಡೆಯ ಚೀಟಿಯಲ್ಲಿ ಆ ಪುಡಿಯ ಹೆಸರು ಇತ್ತು, ಏಕೆ ಬೇಕು ಎಂಬ ಕಾರಣ ಇರಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಮಾಡುವ ಸಿಸೇರಿಯನ್‌ನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಹಿಡಿದುಕೊಳ್ಳಲು ಒಬ್ಬರಿದ್ದರೆ ಮೊದಲ ಒಂದು ಗಂಟೆಯೊಳಗೇ ಮಗುವನ್ನು ಎದೆಗೆ ಇಡಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಾಗೆ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ 41.8 ಮಾತ್ರ. ಹಾಗಾಗಿ ಈ ಮಗುವಿನದು ವಿಶೇಷ ದುರದೃಷ್ಟವೇನಲ್ಲ, ದಿನನಿತ್ಯದ ಕಥೆ.

ನನ್ನ ಪಾಲಿನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏಳನೇ ತಿಂಗಳಿಗೆ ತವರಿಗೆ ಬಂದ ಮೇಲೆ ಆಕೆ ಮೂರು ಸಲ ನನ್ನ ಉಪಕೇಂದ್ರಕ್ಕೆ ಬಂದಿದ್ದಳು. ರಕ್ತ ನೋಡಿದೆ, ಬಿಪಿ ನೋಡಿದೆ, ಕಬ್ಬಿಣದ ಮಾತ್ರೆ ಕೊಟ್ಟೆ. "ಎದೆಹಾಲೇ ಕೊಡಬೇಕು, ಆರು ತಿಂಗಳು ಬೇರೇನೂ ಬೇಡ" ಎಂದು ಹೇಳಿ ತಾಯಿ ಕಾರ್ಡ್‌ನಲ್ಲಿ ಗುರುತು ಹಾಕಿದೆ. ಹೇಗೆ ಕೊಡಬೇಕು ಎಂದು ಒಂದು ಗೊಂಬೆ ಹಿಡಿದಾದರೂ ತೋರಿಸಲಿಲ್ಲ. ಈಜಬೇಕು ಎಂದು ಹೇಳಿ ಬಾವಿಯ ದಾರಿ ತೋರಿಸಿದ ಹಾಗೆ.

ಏಳನೇ ದಿನ

ಕೋಣೆ ಕತ್ತಲು, ಕಿಟಕಿ ಮುಚ್ಚಿತ್ತು, ಸಾಂಬ್ರಾಣಿ ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ತಾಯಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಂಚದ ಅಂಚಿನಲ್ಲಿ ಬಾಗಿ ಕುಳಿತಿದ್ದಳು. ನಾನು ಮೊದಲು ಕೇಳಿದ್ದು ಹಾಲಿನ ವಿಷಯವಲ್ಲ, ಒದ್ದೆ ಬಟ್ಟೆಯ ವಿಷಯ. ನಿನ್ನೆ ಬೆಳಿಗ್ಗೆಯಿಂದ ಎಷ್ಟು ಸಲ ಉಚ್ಚೆ ಹೊಯ್ದಿದೆ? ಮೂರು. ಆರನೇ ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆ ಮಾಡಬೇಕು. ಅಜ್ಜಿ ಒಗೆಯಲು ಹಾಕಿದ್ದ ಒಂದು ಬಟ್ಟೆ ತಂದು ಬೆಳಕಿಗೆ ಹಿಡಿದಳು. ಮಧ್ಯದಲ್ಲಿ ರೂಪಾಯಿ ನಾಣ್ಯದಷ್ಟು ಅಗಲ, ಇಟ್ಟಿಗೆ ಪುಡಿ ಉದುರಿಸಿದಂಥ ಕೆಂಪು ಕಲೆ. ರಕ್ತ ಎಂದು ಹೆದರಿದ್ದರು. ರಕ್ತವಲ್ಲ, ಗಟ್ಟಿಯಾದ ಮೂತ್ರದಲ್ಲಿ ಇಳಿಯುವ ಯೂರೇಟ್ ಹರಳು. ಮೊದಲ ಎರಡು ಮೂರು ದಿನ ಕಂಡರೆ ಚಿಂತೆಯಿಲ್ಲ. ಏಳನೇ ದಿನ ಕಂಡರೆ ಮಗುವಿನ ಹೊಟ್ಟೆಗೆ ಸಾಕಷ್ಟು ಹೋಗುತ್ತಿಲ್ಲ ಎಂದರ್ಥ. ಮಲವೂ ಈ ಹೊತ್ತಿಗೆ ಹಳದಿಗೆ ತಿರುಗಿರಬೇಕಿತ್ತು, ಇನ್ನೂ ಕಡುಹಸಿರು.

ತೂಕ 2,580 ಗ್ರಾಂ. ಹುಟ್ಟಿದ ತೂಕಕ್ಕಿಂತ ಶೇ 11 ಕಡಿಮೆ. ನರ್ಸಿಂಗ್ ಹೋಮಿನ ತಕ್ಕಡಿಯೇ ಬೇರೆ, ನನ್ನದೇ ಬೇರೆ, ಅಲ್ಲಿಇಲ್ಲಿ ಐವತ್ತು ಗ್ರಾಂ ವ್ಯತ್ಯಾಸ ಇರಬಹುದು. ಆದರೂ ಎಲ್ಲ ಮಕ್ಕಳೂ ಇಳಿಯುವ ಶೇ 5–7ರ ಇಳಿತ ಇದಲ್ಲ. ಶೇ 10 ದಾಟಿ, ಮೈ ಸ್ವಲ್ಪ ಹಳದಿಯೂ ಇರುವ ಮಗುವಿನ ಎದುರು ಕುಳಿತು ಬರೀ ಸ್ತನ್ಯಪಾನದ ಬೋಧನೆ ಮಾಡುವುದು ಅಪಾಯ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವಷ್ಟರಲ್ಲಿ ಒಂದು ಸಲ ಹಾಲು ಕುಡಿಸುವುದನ್ನು ನೋಡಿದೆ. ಅಷ್ಟೂ ದಿನ ಯಾರೂ ಮಾಡದೆ ಬಿಟ್ಟ ಕೆಲಸ ಅದೊಂದೇ. ಮಗು ಅಳುವುದನ್ನು ಎಲ್ಲರೂ ಕೇಳಿದ್ದರು, ಕುಡಿಯುವುದನ್ನು ಯಾರೂ ನೋಡಿರಲಿಲ್ಲ.

ಮಗು ತೊಡೆಯ ಮೇಲೆ ಅಂಗಾತ ಮಲಗಿತ್ತು, ಕತ್ತು ಮಾತ್ರ ಎದೆಯ ಕಡೆ ತಿರುಗಿತ್ತು. ನಾವು ಕತ್ತನ್ನು ಪಕ್ಕಕ್ಕೆ ತಿರುಗಿಸಿಕೊಂಡು ನೀರು ಕುಡಿಯಲು ನೋಡಿದರೆ ಗೊತ್ತಾಗುತ್ತದೆ ಅದರ ಕಷ್ಟ. ತಾಯಿ ಎರಡು ಬೆರಳ ನಡುವೆ ಮೊಲೆತೊಟ್ಟನ್ನು ಕತ್ತರಿಯಂತೆ ಹಿಡಿದು ಬಾಯಿಗೆ ಇಡುತ್ತಿದ್ದಳು. ಮಗು ತುಟಿ ಮುಂದೆ ಮಾಡಿ ತೊಟ್ಟನ್ನು ಮಾತ್ರ ಕಚ್ಚಿಕೊಂಡಿತು. ಕೆನ್ನೆ ಒಳಗೆ ಗುಳಿ ಬಿತ್ತು, ಟಕ್ ಟಕ್ ಎಂದು ನಾಲಿಗೆ ಸದ್ದು. ನುಂಗುವ ಸದ್ದು ಇಲ್ಲ. ತಾಯಿ ಕಾಲ್ಬೆರಳು ಮಡಚಿ ಹಲ್ಲು ಕಚ್ಚಿದಳು. ಎರಡು ನಿಮಿಷಕ್ಕೆ ಮಗು ನಿದ್ದೆ ಹೋಯಿತು. ಬಾಯಿಂದ ಹೊರಬಂದ ತೊಟ್ಟು ಹೊಸ ಲಿಪ್‌ಸ್ಟಿಕ್‌ನ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿತ್ತು. ಅದರ ಅಡ್ಡಕ್ಕೆ ಕೂದಲೆಳೆಯಷ್ಟು ಒಂದು ಸೀಳು. ಆ ಒಂದು ಆಕಾರವೇ ರೋಗಪತ್ತೆ. ಹಾಲು ಇರುವ ಎದೆಯೇ ಅದು, ಗಟ್ಟಿಯಾಗಿ ನರಗಳು ಎದ್ದು ಕಾಣುತ್ತಿದ್ದವು. ಹಾಲು ಹೊರಗೆ ಬರುವ ದಾರಿಯನ್ನು ಮಗುವಿನ ಒಸಡೇ ಅದುಮಿ ಮುಚ್ಚುತ್ತಿತ್ತು.

ಡಬ್ಬಿಯನ್ನೂ ನೋಡಿದೆ. 30 ಮಿಲಿ ನೀರಿಗೆ ಒಂದು ಚಮಚ ಪುಡಿ ಎಂದು ಅದರ ಮೇಲೆ ಬರೆದಿತ್ತು. ಬೇಗ ಖಾಲಿಯಾಗುತ್ತದೆ, ಜೊತೆಗೆ ಗಟ್ಟಿ ಹಾಲು ಮಗುವಿಗೆ ಜೀರ್ಣವಾಗುವುದಿಲ್ಲ ಎಂದು ಅಜ್ಜಿ 60 ಮಿಲಿಗೆ ಒಂದು ಚಮಚ ಹಾಕುತ್ತಿದ್ದಳು. ಅಂದರೆ ಬಾಟಲಿಯಲ್ಲೂ ಅರ್ಧ ಹೊಟ್ಟೆ. ನಡುವೆ ಸಕ್ಕರೆ ನೀರು, ನಾಲಿಗೆಗೆ ಜೇನುತುಪ್ಪ, ನೆರೆಮನೆಯವರು ಕೊಟ್ಟ ಬಜೆ. ಜೇನನ್ನು ಒಂದು ವರ್ಷದವರೆಗೆ ಕೊಡಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತವೆ. ಇನ್ನು ನೀರು. ಬಾಗೇಪಲ್ಲಿಯಿಂದ ಚಿಂತಾಮಣಿಯವರೆಗೆ ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹಲ್ಲು ನೋಡಿದರೇ ಗೊತ್ತಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಾರೆ, ಅದು ಖಾಲಿಯಾದಾಗ ನಲ್ಲಿ ನೀರನ್ನೇ ಕಾಯಿಸಿ ಪುಡಿ ಕಲಸುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಹೆಚ್ಚುತ್ತದೆ. ತಾಯಿ ಅದೇ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಎದೆಹಾಲಿನ ಪರವಾಗಿ ಹೇಳಬಹುದಾದ ಈ ಮಾತನ್ನು ಯಾವ ಗೋಡೆಬರಹದಲ್ಲೂ ನಾನು ಕಂಡಿಲ್ಲ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಕಾಮಾಲೆ ದೀಪದ ಚಿಕಿತ್ಸೆ ಬೇಕಾಗುವ ಮಟ್ಟದಲ್ಲಿರಲಿಲ್ಲ, ಸೋಡಿಯಂ ಸರಿಯಾಗಿತ್ತು, ಸೋಂಕಿನ ಲಕ್ಷಣವಿರಲಿಲ್ಲ, ನಾಲಿಗೆಯ ಕೆಳಗಿನ ಕಟ್ಟೂ ಇರಲಿಲ್ಲ. ಸಂಜೆಗೆ ಮನೆಗೆ ಕಳಿಸಿದರು. ಎರಡು ಮೂರು ಗಂಟೆಗೊಮ್ಮೆ ಎದೆಗೆ ಇಡುವುದು, ಆಮೇಲೆ ಕೈಯಿಂದ ಹಿಂಡಿದ ಹಾಲು, ಅದು ಸಾಲದಿದ್ದರೆ ಮಾತ್ರ ಸರಿಯಾಗಿ ಕಲಸಿದ ಪುಡಿ ಹಾಲು, ಸಲಕ್ಕೆ ಒಟ್ಟು 30 ಮಿಲಿ. ಬಾಟಲಿ ಬೇಡ. ಪುಡಿ ಹಾಲನ್ನು ಅವರು ಒಂದೇ ಏಟಿಗೆ ನಿಲ್ಲಿಸಲಿಲ್ಲ. ಹಸಿದು ಸೋತ ಮಗುವಿಗೆ ಎದೆಯಲ್ಲಿ ದುಡಿಯುವ ಶಕ್ತಿ ಇರುವುದಿಲ್ಲ, ಮೊದಲು ಹೊಟ್ಟೆಗೆ ಬೀಳಬೇಕು. ಪುಡಿ ಹಾಲು ವಿಷ ಎಂದು ಕೂಗಾಡುವವರಿಗೆ ಈ ಮಗುವನ್ನು ತೋರಿಸಬೇಕು.

ಬಾಟಲಿಯ ಬದಲು ಏನು ಎಂದು ಕೇಳಿದಾಗ ಅಜ್ಜಿಯೇ ಅಟ್ಟದಿಂದ ಒಳಲೆ, ಅಂದರೆ ಹಸುಗೂಸಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು, ಇಳಿಸಿದಳು. ಹಿತ್ತಾಳೆಯದು, ಮಗಳಿಗೆ ಕುಡಿಸಿದ್ದು. ನಾನು ಬೇಡವೆಂದು, ಕುದಿಸಿ ತೊಳೆಯಲು ಸುಲಭವಾದ ಸ್ಟೀಲಿನದನ್ನು ಚಿಂತಾಮಣಿಯ ಪಾತ್ರೆ ಅಂಗಡಿಯಿಂದ ತರಿಸಿದೆ.

ಕಲಿತದ್ದು, ಕಲಿಸಿದ್ದು

ಎಂಟನೇ ದಿನ ಬೆಳಿಗ್ಗೆ ಹೋದಾಗ ಮೊದಲು ಎಡವಿದವಳು ನಾನೇ. ಅವಸರದಲ್ಲಿ ಮಗುವಿನ ತಲೆಯ ಹಿಂಭಾಗ ಹಿಡಿದು ಎದೆಗೆ ಒತ್ತಿದೆ. ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚಿತು. ತಲೆಯ ಹಿಂದೆ ಒತ್ತಡ ಬಿದ್ದರೆ ಹಸುಗೂಸು ಹಿಂದಕ್ಕೇ ತಳ್ಳುತ್ತದೆ, ಪಾಠದಲ್ಲಿ ಓದಿದ್ದೇನೆ, ಆದರೂ ಕೈ ಕೇಳಲಿಲ್ಲ. ಹದಿನೈದು ನಿಮಿಷ ಬಿಟ್ಟು, ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಿ ಸಮಾಧಾನ ಮಾಡಿ, ಮತ್ತೆ ಶುರು ಮಾಡಿದೆವು.

ಈ ಸಲ ನಾನು ಮುಟ್ಟಲಿಲ್ಲ. ಹೊಟ್ಟೆಯ ಹೊಲಿಗೆಗೆ ತಗಲದಂತೆ ಮಗುವನ್ನು ಕಂಕುಳ ಪಕ್ಕಕ್ಕೆ ಹಿಡಿಯಲು ಹೇಳಿದೆ. ಕಾಲು ತಾಯಿಯ ಬೆನ್ನಿನ ಕಡೆ, ಬೆನ್ನು ತಾಯಿಯ ಮುಂಗೈ ಮೇಲೆ, ಕತ್ತು ಅಂಗೈಯಲ್ಲಿ, ಕೆಳಗೆ ಎರಡು ದಿಂಬು. "ಸಂತೆಯಲ್ಲಿ ಕೋಳಿ ಹಿಡಿದುಕೊಂಡು ಬರುತ್ತಾರಲ್ಲ, ಹಾಗೆ" ಎಂದಳು ಅಜ್ಜಿ. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು. ತೊಟ್ಟನ್ನು ಮಗುವಿನ ಬಾಯಿಗಲ್ಲ, ಮೂಗಿನ ನೇರಕ್ಕೆ ಇಟ್ಟು ಮೇಲುತುಟಿಗೆ ಸವರಿಸಿ ಕಾಯಬೇಕು. ಮಗು ತಲೆಯನ್ನು ತುಸು ಹಿಂದೆ ಮಾಡಿ ಬಾಯಿ ತೆರೆಯುತ್ತದೆ. ಮೊದಲು ಸಣ್ಣದಾಗಿ ತೆರೆದಾಗ ತಾಯಿ ಅವಸರ ಮಾಡಿದಳು, ಬೇಡವೆಂದೆ. ಎರಡನೆಯ ಸಲವೂ ಬೇಡವೆಂದೆ. ಮೂರನೆಯ ಸಲ ಆಕಳಿಸುವಷ್ಟು ಅಗಲ ತೆರೆಯಿತು. "ಈಗ!" ಎದೆಯನ್ನು ಮಗುವಿನ ಕಡೆ ಒಯ್ಯುವುದಲ್ಲ, ಮಗುವನ್ನು ಎದೆಯ ಕಡೆ ತರುವುದು. ಗಲ್ಲ ಮೊದಲು ತಗುಲಿತು, ಕೆಳತುಟಿ ಹೊರಕ್ಕೆ ಮಡಚಿಕೊಂಡಿತು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಸ್ವಲ್ಪ ಕಾಣುತ್ತಿತ್ತು, ಕೆಳಗಡೆ ಕಾಣುತ್ತಿರಲಿಲ್ಲ. ಕೆನ್ನೆಯಲ್ಲಿ ಗುಳಿ ಇಲ್ಲ.

ಹತ್ತು ಹನ್ನೆರಡು ಸಲ ಬೇಗ ಬೇಗ ಚೀಪಿತು. ಆಮೇಲೆ ದವಡೆ ನಿಧಾನವಾಯಿತು, ಕಿವಿಯ ತನಕ ಅಲುಗಾಡಿತು, "ಕ್ಹ" ಎಂದು ಸಣ್ಣ ಸದ್ದು. ಮತ್ತೊಂದು. ಮತ್ತೊಂದು. ಅಜ್ಜಿ ಬಾಗಿ ಕಿವಿಗೊಟ್ಟು ಕೇಳಿದಳು. ಇನ್ನೊಂದು ಕಡೆಯ ಎದೆಯಿಂದ ತಾನಾಗಿ ಹಾಲು ತೊಟ್ಟಿಕ್ಕಿ ರವಿಕೆ ಒದ್ದೆಯಾಯಿತು. "ನೋವಾಗುತ್ತಿದೆಯೇ?" ಎಂದೆ. "ಇಲ್ಲ" ಎಂದಳು. ಒಂದು ಗಳಿಗೆ ಬಿಟ್ಟು ಮತ್ತೆ "ಇಲ್ಲ" ಎಂದು ಅಳತೊಡಗಿದಳು.

ಎಲ್ಲ ಸಲವೂ ಹೀಗೇ ಆಯಿತು ಎಂದುಕೊಳ್ಳಬೇಡಿ. ಆ ದಿನ ಎಂಟು ಸಲದಲ್ಲಿ ಸರಿಯಾಗಿ ಹಿಡಿದದ್ದು ಮೂರು ಸಲ. ನೋವಾದರೆ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ ಮತ್ತೆ ಇಡಬೇಕು, ಸಹಿಸಿಕೊಂಡು ಕೂರಬಾರದು. ಸೀಳಿಗೆ ಮುಲಾಮು ಏನೂ ಕೊಡಲಿಲ್ಲ, ಕೊನೆಯ ಎರಡು ಹನಿ ಹಾಲು ಸವರಿ ಗಾಳಿಗೆ ಬಿಡಲು ಹೇಳಿದೆ. ಬಾಯಿಯ ಹಿಡಿತ ಸರಿಯಾದ ಮೇಲೆ ಐದು ದಿನದಲ್ಲಿ ಮಾಯಿತು. ಗಂಡ ಬೆಂಗಳೂರಿನಿಂದ ತಂದ ವಿದ್ಯುತ್ ಪಂಪ್ ಆಗ ಕೆಲಸಕ್ಕೆ ಬರಲಿಲ್ಲ, ಕೈಯಿಂದ ಹಿಂಡಿದಾಗಲೇ ಹೆಚ್ಚು ಬರುತ್ತಿತ್ತು.

ಹಸು

ಒಂಬತ್ತನೇ ದಿನ ಸಂಜೆ ಹೋದಾಗ ಮಗುವನ್ನು ನೋಡಲು ಏಳೆಂಟು ಹೆಂಗಸರು ಬಂದು ಕೋಣೆಯಲ್ಲಿ ಕುಳಿತಿದ್ದರು. ಒಬ್ಬಾಕೆ "ಎದೆ ಚಿಕ್ಕದು, ಎಲ್ಲಿಂದ ಬರಬೇಕು" ಎನ್ನುತ್ತಿದ್ದಳು. ಇನ್ನೊಬ್ಬಾಕೆ ಕತ್ತೆ ಹಾಲು ತರಿಸುವ ಮಾತಾಡುತ್ತಿದ್ದಳು. ತಾಯಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಿದ್ದಳು, ಮಗು ಹಿಡಿಯುತ್ತಿರಲಿಲ್ಲ. ನಾನು ಕೊಟ್ಟಿಗೆಯ ಹತ್ತಿರ ಹೋಗಿ ಅಜ್ಜಿಗಾಗಿ ಕಾದೆ. ಅವಳು ಕರೆಯಲು ಕುಳಿತಿದ್ದಳು. ಕೆಚ್ಚಲಿಗೆ ನೀರು ಚಿಮುಕಿಸಿ, ಸವರಿ, ಕಾದು, ನನ್ನತ್ತ ತಿರುಗಿ ಹೇಳಿದಳು: "ಸಿಸ್ಟರ್, ಸ್ವಲ್ಪ ಆಚೆ ನಿಲ್ಲಿ. ಹೊಸಬರು ನಿಂತರೆ ಇದು ಸೊರ ಬಿಡುವುದಿಲ್ಲ."

ನಾನು ಆಚೆ ನಿಂತೆ. ನಿಂತಲ್ಲಿಂದಲೇ, "ಒಳಗೆ ಎಷ್ಟು ಜನ ಹೊಸಬರಿದ್ದಾರೆ?" ಎಂದು ಕೇಳಿದೆ.

ಅವಳು ಉತ್ತರ ಕೊಡಲಿಲ್ಲ. ಹಸು ಸೊರ ಬಿಟ್ಟಿತು, ಪಾತ್ರೆಗೆ ಹಾಲು ಬೀಳುವ ಸದ್ದು ಶುರುವಾಯಿತು. ನಾನೇ ಮತ್ತೆ ಕೇಳಿದೆ, ಗಬ್ಬದ ಹಸುವನ್ನು ಬತ್ತಿಸಬೇಕಾದರೆ ಏನು ಮಾಡುತ್ತೀರಿ ಎಂದು. "ಒಂದು ಹೊತ್ತು ಕರೆಯುವುದು ಬಿಡುತ್ತೇವೆ. ಆಮೇಲೆ ದಿನ ಬಿಟ್ಟು ದಿನ." ಹೇಳುತ್ತ ಹೇಳುತ್ತಲೇ ಕೈ ನಿಧಾನವಾಯಿತು. ಒಂದು ಬಾಟಲಿ ಕೊಟ್ಟು ಮಗುವನ್ನು ಮಲಗಿಸಿದರೆ ಒಂದು ಹೊತ್ತು ಕರೆಯದೆ ಬಿಟ್ಟಂತೆ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕರು ಹಾಕಿದ ದಿನದ ಗಿಣ್ಣನ್ನು ಕರುವಿಗೆ ಮೊದಲು ಕುಡಿಸುವ, ಕುಡಿಸದಿದ್ದರೆ ಕರು ಉಳಿಯುವುದಿಲ್ಲ ಎಂದು ಬಲ್ಲ ಹೆಂಗಸು ಅವಳು. ಮೊಮ್ಮಗಳ ಮೊದಲ ಎರಡು ದಿನದ ಗಿಣ್ಣು ಎಲ್ಲಿ ಹೋಯಿತು ಎಂದು ಆಸ್ಪತ್ರೆಯಲ್ಲಿ ಕೇಳಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಅದು ದೊಡ್ಡವರ ಜಾಗ, ನಮಗೇನು ಗೊತ್ತು ಎಂದುಕೊಂಡಳಂತೆ.

ಒಳಗೆ ಹೋದವಳೇ ಟೀ ಆಯಿತು, ಎಲ್ಲರೂ ಜಗಲಿಗೆ ಬನ್ನಿ ಎಂದಳು. ಮಾರನೆಯ ದಿನದಿಂದ ಬಾಣಂತಿ ಕೋಣೆಗೆ ಪರದೆ ಬಿತ್ತು. ಈ ಹೋಲಿಕೆ ಮಗಳಿಗೆ ಹಿಡಿಸಲಿಲ್ಲ ಎಂಬುದನ್ನೂ ದಾಖಲಿಸಬೇಕು. "ನಾನೇನು ಹಸುವೇ?" ಎಂದು ಮುಖ ದಪ್ಪ ಮಾಡಿಕೊಂಡಳು. ನ್ಯಾಯವೇ. ಆದರೆ ನೋವು, ನಾಚಿಕೆ, ಭಯ ಇದ್ದಾಗ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನಿಗೆ ತಡೆ ಬೀಳುತ್ತದೆ, ಹಾಲು ಇದ್ದೂ ಇಳಿಯುವುದಿಲ್ಲ ಎಂದು ನಾನು ಹತ್ತು ಸಲ ಹೇಳಿದ್ದರೂ ಆ ಪರದೆ ಬೀಳುತ್ತಿರಲಿಲ್ಲ.

ಪಥ್ಯದ ವಿಷಯದಲ್ಲಿ ಜಗಳಕ್ಕೆ ಹೋಗಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಇರಲಿ. ಅವು ಹಾಲು ತರಿಸುವುದಕ್ಕಿಂತ ಮನೆಯವರಿಗೆ ಏನೋ ಮಾಡಿದ ಸಮಾಧಾನ ತರುತ್ತವೆ, ಅದೂ ಬೇಕು. ನೀರಿಗೆ ಮಾತ್ರ ಹಟ ಹಿಡಿದೆ. ದಿನಕ್ಕೆ ಎರಡು ಲೋಟ ಎಂಬ ಲೆಕ್ಕ ಬಿಟ್ಟು ಬಾಯಾರಿದಷ್ಟು ಕುಡಿಯಲಿ ಎಂದೆ. ಜೊತೆಗೆ ತರಕಾರಿ, ಮೊಟ್ಟೆ.

ಆಮೇಲಿನ ತೂಕಗಳು

ಎಲ್ಲವೂ ಒಂದೇ ತಕ್ಕಡಿಯಲ್ಲಿ, ಬರಿಮೈಯಲ್ಲಿ. ಒಂಬತ್ತನೇ ದಿನ 2,620 ಗ್ರಾಂ. ಹನ್ನೆರಡಕ್ಕೆ 2,720. ಹದಿನೇಳಕ್ಕೆ 2,910, ಅಂದರೆ ಹುಟ್ಟಿದ ತೂಕ ದಾಟಿತು. ಎರಡು ವಾರದೊಳಗೆ ದಾಟಬೇಕು ಎಂಬುದು ರೂಢಿಯ ಲೆಕ್ಕ, ಈ ಮಗು ಮೂರು ದಿನ ತಡ ಮಾಡಿತು. ಒದ್ದೆ ಬಟ್ಟೆಯ ಲೆಕ್ಕವನ್ನು ತಾಯಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗೀಟು ಹಾಕಿ ಇಟ್ಟಳು, ಲೆಕ್ಕಪತ್ರದವಳಲ್ಲವೇ. ಏಳನೇ ದಿನದ ಚೌಕದಲ್ಲಿ ಮೂರು ಗೀಟು, ಹದಿನಾಲ್ಕರಲ್ಲಿ ಎಂಟು.

ಪುಡಿ ಹಾಲು ಹದಿಮೂರನೇ ದಿನದಿಂದ ಇಳಿಯುತ್ತ ಬಂತು. ಇಪ್ಪತ್ತೊಂದನೇ ದಿನ ಎಲ್ಲವೂ ತಲೆಕೆಳಗಾಗುವಂತಿತ್ತು. ಮಗು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎದೆ ಬಿಡುತ್ತಿಲ್ಲ, ಬಿಡಿಸಿದರೆ ಅಳು. ಅದೇ ಹೊತ್ತಿಗೆ ಎದೆ ಮೊದಲಿನಂತೆ ಗಟ್ಟಿಯಾಗುವುದೂ ನಿಂತಿತ್ತು. "ಬತ್ತಿತು" ಎಂದು ರಾತ್ರಿ ಒಂಬತ್ತಕ್ಕೆ ಅಳುತ್ತ ಫೋನ್ ಮಾಡಿದಳು. ಅಜ್ಜಿ ಹಿಂದಿನ ರಾತ್ರಿ ಕದ್ದು 60 ಮಿಲಿ ಪುಡಿ ಹಾಲು ಕೊಟ್ಟಿದ್ದಳು, ಈ ಸಲ ಸರಿಯಾದ ಅಳತೆಯಲ್ಲಿ ಎಂದು ಸಮರ್ಥಿಸಿಕೊಂಡಳು. ಮೂರನೇ ವಾರದ ಹೊತ್ತಿಗೆ ಎದೆ ಮೆತ್ತಗಾಗುವುದು ಸಹಜ, ಮಗು ಕೇಳಿದಷ್ಟಕ್ಕೆ ಮೈ ಹೊಂದಿಕೊಂಡಿದೆ ಎಂದು ಅರ್ಥ. ಸಂಜೆಯ ಆ ನಿರಂತರ ಕುಡಿತವೂ ಎಷ್ಟೋ ಹಸುಗೂಸುಗಳ ಸ್ವಭಾವ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಬೆಳಿಗ್ಗೆ ತಕ್ಕಡಿ ಹೊತ್ತುಕೊಂಡು ಹೋದೆ. 3,030. ಆ ಅಂಕಿಯನ್ನು ತಾಯಿ ಎರಡು ಸಲ ಓದಿದಳು.

ಇಪ್ಪತ್ತನಾಲ್ಕರಿಂದ ಪುಡಿ ಹಾಲು ಪೂರ್ತಿ ನಿಂತಿತು. ಇಪ್ಪತ್ತೆಂಟಕ್ಕೆ 3,240, ನಲವತ್ತೆರಡಕ್ಕೆ 3,700.

ಮುಂದಿನದು ಗೊತ್ತಿಲ್ಲದ ದಾರಿ. 2017ರ ಕಾನೂನು ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಗಿದೆ. ಎಂಟು ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡಿದ್ದರಿಂದ ಮಗುವಿಗೆ ಉಳಿದದ್ದು ನಾಲ್ಕು ತಿಂಗಳು ಚಿಲ್ಲರೆ. ಆಮೇಲೆ ಬೆಂಗಳೂರು, ಕಚೇರಿ. ಮೂಲೆಯಲ್ಲಿದ್ದ ಪಂಪ್ ಆಗ ಬೇಕಾಗುತ್ತದೆ. ಹಿಂಡಿದ ಹಾಲನ್ನು ಫ್ರಿಜ್ ಇಲ್ಲದೆ ನಾಲ್ಕು ಗಂಟೆ ಇಡಬಹುದು ಎಂದು ಬರೆದು ಕೊಟ್ಟಿದ್ದೇನೆ.

ನಲವತ್ತೆರಡನೇ ದಿನದ ಭೇಟಿ ಮುಗಿಸಿ, ಆರು ವಾರದ ಲಸಿಕೆಯ ದಿನ ನೆನಪಿಸಿ ಹೊರಟಾಗ ಅಜ್ಜಿ ಅರ್ಧ ಉಳಿದ ಪುಡಿ ಹಾಲಿನ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಷ್ಟು ದುಡ್ಡು ಕೊಟ್ಟದ್ದು, ಬಿಸಾಡಲು ಮನಸ್ಸು ಬರುತ್ತಿಲ್ಲ, ಟೀಗೆ ಹಾಕಿಕೊಳ್ಳಬಹುದೇ ಎಂದು ಕೇಳಿದಳು. ಎರಡು ಹಸು ಕಟ್ಟಿದ ಮನೆ. ಹಾಕಿಕೊಳ್ಳಿ ಎಂದೆ. ಕುಡಿದೇ ಹೋಗಬೇಕೆಂದು ಕೂರಿಸಿದಳು. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.